ಸ್ವರಲಿಪಿಯ ಚುಕ್ಕೆ ಮತ್ತು ಹಿರಿಯರ ಕಣ್ಣು

ನಮ್ಮ ಜತ್ತ ಸೀಮೆಯ ಭಜನಾ ಮೇಳಗಳಲ್ಲಿ ಹಾಡು ಬಲ್ಲವರು ಹೆಚ್ಚಾಗಿ ಹಿರಿಯರೇ. ಆದರೆ ಹೊಸ ಹಾಡಿನ ಸ್ವರಲಿಪಿ ಕೈಗೆ ಬಂದೊಡನೆ ಅವರಲ್ಲಿ ಹಲವರು ಹಿಂದಿನ ಸಾಲಿಗೆ ಸರಿಯುತ್ತಾರೆ. ಕಂಠ ಸೋತುದರಿಂದಲ್ಲ, ಅಕ್ಷರ ಕಾಣದುದರಿಂದ. ಈ ತೊಡಕಿನ ಹಿಂದೆ ಒಂದು ಇತಿಹಾಸವಿದೆ. ಅದರ ಮುಖ್ಯ ಪುರುಷರು ನಮ್ಮ ನೆರೆಯವರೇ.

ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಕುರುಂದವಾಡದಲ್ಲಿ ಜನಿಸಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಅವರ ಕಣ್ಣುಗಳಿಗೆ ಪೆಟ್ಟಾಯಿತು. ಶಾಲೆಯ ಓದು ನಿಂತಿತು. ಕಣ್ಣಿನ ಹಂಗಿಲ್ಲದ ವಿದ್ಯೆಯೆಂದು ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಸಂಗೀತಕ್ಕೆ ಸೇರಿದರು. ಅಂಥವರೇ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವಂತ ಸ್ವರಲಿಪಿಯೊಂದನ್ನು ರೂಪಿಸಿ, ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿದರು. ಕಣ್ಣು ನೊಂದವರು ಕಣ್ಣಿನಿಂದ ಓದುವ ಸಂಗೀತವನ್ನು ಕಟ್ಟಿದುದು ನಮಗೆ ಇಂದಿಗೂ ಬೆರಗಿನ ವಿಷಯ.

ಅವರ ಪದ್ಧತಿ ಬಹು ಸೂಕ್ಷ್ಮ. ಪ್ರತಿಯೊಂದು ಸ್ವರದ ಕೆಳಗೂ ಕಾಲಮಾನದ ಗುರುತು: ಒಂದು ಮಾತ್ರೆಗೆ ಅಡ್ಡಗೆರೆ, ಅರ್ಧಕ್ಕೆ ಸೊನ್ನೆ. ಕೋಮಲಕ್ಕೆ ಕೆಳಗೆ ಹಲಂತದ ಗೀಟು. ಮಂದ್ರಕ್ಕೆ ಮೇಲೆ ಚುಕ್ಕೆ, ತಾರಕ್ಕೆ ಮೇಲೆ ನಿಲುಗೆರೆ. ಮುಂಬಯಿಯ ವಿಷ್ಣು ನಾರಾಯಣ ಭಾತಖಂಡೆಯವರು ತಮ್ಮ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಆರು ಭಾಗಗಳಲ್ಲಿ ಬಳಸಿದ ಪದ್ಧತಿ ಇದಕ್ಕಿಂತ ಹಗುರ; ಅದೇ ಹೆಚ್ಚು ಹಬ್ಬಿತು. ಅಲ್ಲಿ ಕೋಮಲಕ್ಕೆ ಅಡಿಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಅಂದರೆ ಸ್ವರದ ಮೇಲಿನ ಅದೇ ಚುಕ್ಕೆ ಒಬ್ಬರಲ್ಲಿ ಮಂದ್ರ, ಇನ್ನೊಬ್ಬರಲ್ಲಿ ತಾರ! ನಡುವೆ ಎರಡು ಸಪ್ತಕಗಳ ಅಂತರ. ಸಾಸಿವೆಯಷ್ಟಿಲ್ಲದ ಚುಕ್ಕೆಯ ಮೇಲೆ ಇಷ್ಟು ಭಾರ.

ಕನ್ನಡ ಲಿಪಿಯಲ್ಲಿ ಬರೆದಾಗ ತೊಡಕು ಇನ್ನೂ ಬಿಗಿಯಾಗುತ್ತದೆ. ‘ರಿ’, ‘ನಿ’ಗಳ ಗುಡಿಸಿನ ಮೇಲೆ ಇಟ್ಟ ಚುಕ್ಕೆ ಗುಡಿಸಿನಲ್ಲೇ ಕರಗುತ್ತದೆ. ಸಾಹಿತ್ಯದ ಸಾಲಿನ ಒತ್ತಕ್ಷರಗಳು ಇಳಿದು ಕೆಳಗಿನ ಸ್ವರಸಾಲಿನ ಚುಕ್ಕೆಗಳಿಗೆ ತಗಲುತ್ತವೆ.

ದೊಡ್ಡ ಅಕ್ಷರದ ಸಂಗೀತಪುಸ್ತಕ ಲೋಕಕ್ಕೆ ಹೊಸತಲ್ಲ. ಯುರೋಪಿನ ಇಗರ್ಜಿಗಳಲ್ಲಿ ಆಳೆತ್ತರದ ಪೀಠದ ಮೇಲೆ ಒಂದೇ ಭಾರಿ ಗ್ರಂಥವನ್ನು ತೆರೆದಿಟ್ಟು, ಗಾಯಕವೃಂದವೆಲ್ಲ ದೂರದಿಂದ ಅದನ್ನೇ ನೋಡಿ ಹಾಡುತ್ತಿತ್ತು. 1501ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಬಹುಧ್ವನಿ ಸಂಗೀತವನ್ನು ಅಚ್ಚಿಗಿಳಿಸಿದ ಮೇಲೆ ಕೈಯಲ್ಲಿ ಹಿಡಿಯುವ ಪುಸ್ತಕಗಳು ಹೆಚ್ಚಿದವು. ಅಗ್ಗವಾಯಿತು, ಅಕ್ಷರವೂ ಕುಗ್ಗಿತು.

ಇಂದು ನಾವು ಮಾಡುವುದೇನು? ಜೆರಾಕ್ಸ್ ಅಂಗಡಿಗೆ ಕೊಟ್ಟು ಹಿಗ್ಗಿಸುತ್ತೇವೆ. ಎ4 ಹಾಳೆಯನ್ನು ಎ3ಗೆ ಏರಿಸಿದರೆ ಕಾಗದ ಇಮ್ಮಡಿಯಾಗುತ್ತದೆ, ಅಕ್ಷರ ಮಾತ್ರ ಸುಮಾರು ಒಂದೂವರೆ ಪಟ್ಟಿಗಿಂತ ಕಡಿಮೆ: 12 ಪಾಯಿಂಟಿನದು 17 ಆಗುತ್ತದೆ. ಮಸುಕಾದ ಪ್ರತಿಯಲ್ಲಿ ಚುಕ್ಕೆ ಅಳಿದರೆ ಹಿಗ್ಗಿಸಿಯೂ ಬಾರದು. ಅಷ್ಟು ದೊಡ್ಡ ಹಾಳೆ ಹಾರ್ಮೋನಿಯಂ ಮೇಲೆ ನಿಲ್ಲುವುದೂ ಇಲ್ಲ. ಒಂದು ಕೈ ತಿದಿಗೆ, ಇನ್ನೊಂದು ಮನೆಗಳಿಗೆ. ಜಾರಿದ ಹಾಳೆಯನ್ನು ಹಿಡಿಯುವವರಾರು?

ಹಿಗ್ಗಿಸುವುದಲ್ಲ, ಹೊಸದಾಗಿ ಜೋಡಿಸಬೇಕು ಎಂಬುದು ನಮ್ಮ ಅಭಿಪ್ರಾಯ. ತೀನ್‌ತಾಲದ ಹದಿನಾರು ಮಾತ್ರೆಗಳು ದೊಡ್ಡ ಅಕ್ಷರದಲ್ಲಿ ಒಂದು ಸಾಲಿಗೆ ಹಿಡಿಸವು. ಕಂಪ್ಯೂಟರಿಗೇ ಬಿಟ್ಟರೆ ಹನ್ನೊಂದಕ್ಕೋ ಹದಿಮೂರಕ್ಕೋ ಮುರಿದು, ಸಮ್ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಎಂಟು ಎಂಟಾಗಿ ಮುರಿದರೆ ಮೊದಲ ಸಾಲಿನ ತಲೆಯಲ್ಲಿ ಸಮ್, ಎರಡನೆಯ ಸಾಲಿನ ತಲೆಯಲ್ಲಿ ಖಾಲಿ ತಾನಾಗಿ ನಿಲ್ಲುತ್ತವೆ. ಝಪ್‌ತಾಲವನ್ನು ಐದು ಐದಾಗಿ ಮುರಿದರೂ ಹಾಗೆಯೇ. ಚುಕ್ಕೆಯನ್ನು ಅಕ್ಷರಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ದಪ್ಪವಾಗಿಸಿ ಗುಡಿಸಿನಿಂದ ದೂರವಿಡಬೇಕು. ಸಾಹಿತ್ಯದ ಕೆಳಗೆ ಒಂದು ಸಾಲಿನಷ್ಟು ತೆರಪು ಬಿಡಬೇಕು. ಯಾವ ಪದ್ಧತಿಯ ಚುಕ್ಕೆಯೆಂದು ಹಾಳೆಯ ತಲೆಯಲ್ಲೇ ಬರೆಯಬೇಕು. ಹಾಡುವವರಿಂದ ಹಾರ್ಮೋನಿಯಂ ಮೇಲಿನ ಹಾಳೆ ಎಷ್ಟು ದೂರವೋ ಅಷ್ಟೇ ದೂರದಲ್ಲಿಟ್ಟು, ಅವರವರ ಕನ್ನಡಕದಲ್ಲಿ ಓದಿಸಿ ನೋಡಿದ ಮೇಲೆಯೇ ಪ್ರತಿ ತೆಗೆಯಬೇಕು.