ಬಿಳಿ ಪಂಚೆಯ ಮೇಲೆ ಹೆಂಜೇರು

ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಹೇಮಾವತಿಯ ಸಿದ್ಧೇಶ್ವರ ದೇವಾಲಯ ಮೂಡಿದ ಆ ರಾತ್ರಿ ನನ್ನ ಕಣ್ಣಿಂದ ಇನ್ನೂ ಮರೆಯಾಗಿಲ್ಲ. ನಮ್ಮ ಅಮರಾಪುರಕ್ಕೆ ಹತ್ತಿರದ ಆ ಹಳ್ಳಿ ಹಿಂದೆ ಹೆಂಜೇರು, ನೊಳಂಬರ ರಾಜಧಾನಿ. ಕನ್ನಡ ಮೇಷ್ಟ್ರಾಗಿದ್ದ ನನ್ನ ಚಿಕ್ಕಪ್ಪ ಅಲ್ಲಿನ ಕಂಬಗಳನ್ನೂ ಶಾಸನಗಳನ್ನೂ ಬಣ್ಣದ ಸ್ಲೈಡುಗಳಲ್ಲಿ ಹಿಡಿದಿದ್ದರು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ನಮ್ಮ ಮಡಕಶಿರಾ ಸೀಮೆ ಅದರೊಳಗೆ ಸೇರಿತು. "ಗೆರೆ ಎಲ್ಲೇ ಇರಲಿ, ಕಲ್ಲು ಮಾತಾಡೋದು ಕನ್ನಡವೇ ಕಣಪ್ಪ" ಎನ್ನುತ್ತಿದ್ದರು ಅವರು.

ಸ್ಲೈಡಿನ ರೀತಿಯೇ ಬೇರೆ. ನೆಗೆಟಿವ್ ಇದ್ದರೆ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದು. ಸ್ಲೈಡಿನಲ್ಲಿ ಕ್ಯಾಮೆರಾದೊಳಗಿದ್ದ ಫಿಲ್ಮೇ ಚಿತ್ರವಾಗುತ್ತದೆ. ಸಂಸ್ಕರಣೆಯಲ್ಲಿ ಬೆಳ್ಳಿಯೆಲ್ಲ ತೊಳೆದುಹೋಗಿ ಬಣ್ಣವಷ್ಟೇ ಉಳಿಯುತ್ತದೆ. ಬೆಳಕಿನ ಲೆಕ್ಕ ತುಸು ತಪ್ಪಿದರೂ ತಿದ್ದುವುದು ಕಷ್ಟ. ಆ 24×36 ಮಿಲಿಮೀಟರ್ ಚೂರು ಹಾಳಾದರೆ ಮೂಲವೇ ಹೋದಂತೆ.

ಕೊಡಾಕ್ ಕಂಪನಿಯ ಕೊಡಾಕ್ರೋಮ್ 1935ರಲ್ಲಿ ಬಂತು, ಎಕ್ಟಾಕ್ರೋಮ್ 1946ರಲ್ಲಿ. ಡಿಜಿಟಲ್ ಕ್ಯಾಮೆರಾದ ಎದುರು ಇವು ನಿಲ್ಲಲಿಲ್ಲ. 2004ರಲ್ಲಿ ಕೊಡಾಕ್ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆ ನಿಂತಿತು. 2009ರಲ್ಲಿ ಕೊಡಾಕ್ರೋಮ್, 2012ರಲ್ಲಿ ಎಕ್ಟಾಕ್ರೋಮ್. ಮುಗಿಯಿತು ಎಂದುಕೊಂಡಿದ್ದಾಗ 2017ರ ಜನವರಿಯಲ್ಲಿ ಎಕ್ಟಾಕ್ರೋಮ್ ಮರಳುವುದೆಂಬ ಸುದ್ದಿ ಬಂತು. 2018ರ ಸೆಪ್ಟೆಂಬರಿನಲ್ಲಿ ಅದು ಅಂಗಡಿ ಸೇರಿತು. ಕೊಡಾಕ್ರೋಮ್ ಮಾತ್ರ ಬರಲಿಲ್ಲ. ಅದರ ಸಂಸ್ಕರಣೆ ಅಷ್ಟು ಜಟಿಲ.

ನಾನೂ ಒಂದು ರೋಲು ತರಿಸಿಕೊಂಡು ಹೇಮಾವತಿಗೆ ಹೋದೆ. ಮೂವತ್ತಾರೇ ಚಿತ್ರಗಳು, ಒಂದೊಂದಕ್ಕೂ ಬಿಸಿಲಿಗಾಗಿ ಕಾದೆ. ಆ ಕಾಯುವಿಕೆಯಲ್ಲಿ ಚಿಕ್ಕಪ್ಪನ ಶ್ರಮ ಅರ್ಥವಾಯಿತು.

ಮನೆಗೆ ಬಂದು ಅವರ ತಗಡಿನ ಪೆಟ್ಟಿಗೆ ತೆರೆದೆ. ಹಲವು ಸ್ಲೈಡುಗಳಿಗೆ ಬೂಸಲು ಹಿಡಿದಿತ್ತು, ಕೆಲವು ಕೆಂಪಾಗಿದ್ದವು. ಆದರೆ ರಟ್ಟಿನ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಕನ್ನಡ ಹಾಗೇ ಇತ್ತು: ಯಾವ ಕಂಬ, ಯಾವ ಮುಖ, ಯಾವ ತಿಂಗಳು. ಚಿತ್ರ ಅಳಿಸಿದಲ್ಲೂ ಅದು ಯಾವುದರ ಚಿತ್ರವೆಂಬುದು ಉಳಿದಿತ್ತು.

ನಮ್ಮ ಊರು 2022ರಿಂದ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾಗುತ್ತದೆ, ನಿಂತುಹೋದ ಫಿಲ್ಮೂ ಮರಳಿ ಬರುತ್ತದೆ. ಬೂಸಲು ತಿಂದ ಸ್ಲೈಡು ಮಾತ್ರ ಮರಳದು. ಕಾಸರಗೋಡಿನ ಮನೆಗಳ ಅಟ್ಟದಲ್ಲೂ ಇಂಥ ಪೆಟ್ಟಿಗೆಗಳಿರಬಹುದು. ಈ ಮಳೆಗಾಲಕ್ಕೆ ಮುಂಚೆಯೇ ತೆರೆದು ನೋಡಿ, ಪ್ರತಿ ಮಾಡಿಸಿಡಿ. ಗುರುತು ಹೇಳಬಲ್ಲ ಹಿರಿಯರಿರುವಾಗಲೇ ಹೆಸರುಗಳನ್ನೂ ಬರೆದಿಡಿ.