ಕಿಟ್ಟೆಲರ ಕೋಶದಲ್ಲಿ ನಮ್ಮ ಮನೆಯ ಮಾತು

ಬಸರೀಕಟ್ಟೆಯ ನಮ್ಮ ಮನೆಗೆ ಮಂಗಳೂರು ಹಂಚಿನ ಮಾಡು. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸಲು ಅಬ್ಬಾ ಏಣಿ ಹತ್ತಿದರೆ ಕೆಳಗಿನಿಂದ ಹಂಚು ಎತ್ತಿಕೊಡುವುದು ನನ್ನ ಕೆಲಸ. ತೀರಾ ಹಳೆಯ ಹಂಚುಗಳ ಮೇಲೆ ಅಚ್ಚೊತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ 'ಬಾಸೆಲ್ ಮಿಶನ್' ಎಂದು ಓದಿದ್ದೆ. ಮುಂಜಾನೆ ಮದರಸದಲ್ಲಿ ಉರ್ದು, ಆಮೇಲೆ ಕನ್ನಡ ಶಾಲೆ. ಹೀಗೆ ಎರಡು ಲಿಪಿಗಳ ನಡುವೆ ಓಡಾಡುತ್ತಿದ್ದ ನನಗೆ ಅದು ಯಾವುದೋ ಹಂಚಿನ ಕಂಪನಿಯ ಹೆಸರು, ಅಷ್ಟೆ.

ಆದರೆ ಆ ಮಿಶನ್ ಹಂಚಿಗಿಂತ ಮೊದಲು ಪುಸ್ತಕ ಮಾಡಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದೇ. ಇದೇ ಮೋಗ್ಲಿಂಗ್ ದಾಸರ ಪದಗಳನ್ನೂ ಕನ್ನಡ ಗಾದೆಗಳನ್ನೂ ಅಚ್ಚು ಹಾಕಿಸಿದರು. ನಮ್ಮ ಜಿಲ್ಲೆಯ ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನ 'ಜೈಮಿನಿ ಭಾರತ'ವೂ ಅವರ ಗ್ರಂಥಮಾಲೆಯಲ್ಲಿ ಬೆಳಕು ಕಂಡಿತು. ಜೆಪ್ಪುವಿನ ಹಂಚಿನ ಕಾರ್ಖಾನೆ ಬಂದದ್ದು ಅನಂತರ, 1865ರಲ್ಲಿ.

ಇವರೆಲ್ಲ ಬಂದದ್ದು ಧರ್ಮಪ್ರಚಾರಕ್ಕೇ ಎಂಬುದನ್ನು ಮರೆಮಾಚಬೇಕಿಲ್ಲ. ಅವರ ಬರಹಗಳಲ್ಲಿ ಇತರ ಧರ್ಮಗಳ ಕಟು ಟೀಕೆಯೂ ಇತ್ತು. ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಒಬ್ಬ ಪಾದ್ರಿಯನ್ನು ತಂದಿದ್ದಾರೆ. ಮಲೆನಾಡಿನ ಜನರಿಗೆ ಅವರ ಉಪದೇಶದಷ್ಟೇ ಅವರ ಸೈಕಲ್ಲೂ ಸೋಜಿಗ! ಬಂದವರು ಕೊಡಲು ಬಯಸಿದ್ದು ಒಂದು, ಜನ ತೆಗೆದುಕೊಂಡದ್ದು ಇನ್ನೊಂದು.

ನಾನು ತೆಗೆದುಕೊಂಡದ್ದೇನು? ಹೈಸ್ಕೂಲಿನಲ್ಲಿದ್ದಾಗ ಒಂದು ಪ್ರಬಂಧ ಬರೆದಿದ್ದೆ. ಜಮೀನಿನ ತಕರಾರು, ಅರ್ಜಿ, ವಕೀಲ ಎಲ್ಲ ಅದರಲ್ಲಿ ಬಂದಿದ್ದವು. ಮೇಷ್ಟ್ರು ಆ ಪದಗಳಿಗೆ ಕೆಂಪು ಗೆರೆ ಎಳೆದು, "ಇದು ನಿಮ್ಮ ಮನೆ ಭಾಷೆ ಕಣಯ್ಯಾ, ಕನ್ನಡ ಬರಿ" ಎಂದರು. ತರಗತಿ ನಕ್ಕಿತು. ಅವರು ಕೆಟ್ಟವರಲ್ಲ. ಆದರೆ ಆ ದಿನದಿಂದ ಕನ್ನಡದಲ್ಲಿ ನಾನು ನೆಂಟರ ಮನೆಯ ಹುಡುಗನಾದೆ. ಪ್ರತಿ ಪದವನ್ನೂ ಅಪ್ಪಣೆ ಕೇಳಿಯೇ ಬಳಸುವಂತಾಯಿತು.

ಕಾಲೇಜಿನ ಗ್ರಂಥಾಲಯದಲ್ಲಿ ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಕೈಗೆ ಸಿಕ್ಕಿತು. 1853ರಲ್ಲಿ ಮಿಶನ್ನಿನಿಂದ ಬಂದ ಈ ಜರ್ಮನ್ ಪಾದ್ರಿ ಇಲ್ಲಿಯ ಪಂಡಿತರ ನೆರವಿನಿಂದ ದಶಕಗಳ ಕಾಲ ದುಡಿದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೋಶ ಅದು. ಸುಮಾರು 70,000 ಪದಗಳು. ಹಳಗನ್ನಡ ಕಾವ್ಯದ ಪದದ ಪಕ್ಕದಲ್ಲೇ ಸಂತೆಯ ಪದ, ಗಾದೆ ಮಾತು. ಮೊದಲು ಹುಡುಕಿದ್ದು 'ಅರ್ಜಿ'ಯನ್ನು. ಅದು ಅಲ್ಲಿತ್ತು. ಹಿಂದೂಸ್ತಾನಿಯಿಂದ ಬಂದದ್ದೆಂಬ ಗುರುತಿನೊಂದಿಗೆ ಇತ್ತು. 'ಜಮೀನು', 'ವಕೀಲ' ಕೂಡ ಇದ್ದವು. ಫಾರಸಿ, ಅರಬ್ಬಿ ಮೂಲದ ಈ ಪದಗಳ ಹುಟ್ಟೂರನ್ನು ಕಿಟ್ಟೆಲರು ಬಚ್ಚಿಡಲಿಲ್ಲ. ಆ ಕಾರಣಕ್ಕೆ ಅವನ್ನು ಹೊರಗೂ ಹಾಕಲಿಲ್ಲ. ಸಂಸ್ಕೃತಕ್ಕೂ ದ್ರಾವಿಡ ಭಾಷೆಗಳಿಂದ ಪದಗಳು ಹೋಗಿವೆ ಎಂದು ಮುನ್ನುಡಿಯಲ್ಲಿ ಅವರು ಪಟ್ಟಿಯನ್ನೇ ಕೊಟ್ಟಿದ್ದಾರೆ. ಸಾಲ ಮಾಡದ ಭಾಷೆ ಎಲ್ಲಿದೆ?

ದೂರದ ದೇಶದ, ಬೇರೆ ಧರ್ಮದ ವ್ಯಕ್ತಿಯೊಬ್ಬರು ನನ್ನ ಮನೆಯ ಮಾತನ್ನು ಕನ್ನಡದ ಮನೆಯೊಳಗೆ ಕೂರಿಸಿಟ್ಟಿದ್ದರು. ಅದನ್ನು ಕನ್ನಡಕ್ಕೆ ತಂದವರು ಅವರಲ್ಲ, ಕಛೇರಿಗೆ ಅಲೆದ ರೈತರು, ಸಂತೆಗೆ ಹೋದ ಹೆಂಗಸರು. ಜನ ಆಡಿದ್ದನ್ನು ಕಿಟ್ಟೆಲರು ಪ್ರಾಮಾಣಿಕವಾಗಿ ಬರೆದುಕೊಂಡರು. ಭಾಷೆಯನ್ನು ತೊಳೆದು ಶುದ್ಧಮಾಡುವ ಮಾತು ಕೇಳಿದಾಗಲೆಲ್ಲ ಈ ಪ್ರಾಮಾಣಿಕತೆ ನನಗೆ ನೆನಪಾಗುತ್ತದೆ.

ಕಿಟ್ಟೆಲರು ಸಾರಲು ಬಂದ ಧರ್ಮವನ್ನು ನಾನು ಸ್ವೀಕರಿಸಿಲ್ಲ. ನನ್ನ ನಂಬಿಕೆ ನನಗಿದೆ. ಆದರೂ ಕಥೆ ಬರೆಯಲು ಕುಳಿತಾಗ ಅವರ ಕೋಶ ಪಕ್ಕದಲ್ಲಿರುತ್ತದೆ. ನನ್ನ ಕಥೆಯ ರೈತ ಈಗ ತಾಲೂಕು ಕಛೇರಿಗೆ ಅರ್ಜಿಯನ್ನೇ ಕೊಡುತ್ತಾನೆ. ಅಪ್ಪಣೆ ಕೇಳುವುದನ್ನು ನಾನು ಬಿಟ್ಟಿದ್ದೇನೆ.