ಟಿಎಸ್‌ಎಚ್ ರಿಪೋರ್ಟ್ ನಾರ್ಮಲ್, ಆದರೂ ಸುಸ್ತು ಹೋಗಿಲ್ಲ: ಕಾರಣ ಏನಿರಬಹುದು?

ಥೈರಾಯ್ಡ್ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತಿರುತ್ತವೆ. ‘ಟಿಎಸ್‌ಎಚ್ ನಾರ್ಮಲ್ ಬಂದರೆ ಮುಗಿಯಿತು, ಉಳಿದದ್ದೆಲ್ಲ ಮನಸ್ಸಿನ ಭ್ರಮೆ’ ಎನ್ನುವುದು ಒಂದು. ‘ಟಿಎಸ್‌ಎಚ್ ಪರೀಕ್ಷೆ ನಂಬಬೇಡಿ, ಸುಸ್ತಿದ್ದರೆ ಮಾತ್ರೆ ಹೆಚ್ಚಿಸಿಕೊಳ್ಳಿ’ ಎನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದು ಅಪಾಯಕಾರಿ ಕೂಡ.

ಟಿಎಸ್‌ಎಚ್ ಏನನ್ನು ಹೇಳುತ್ತದೆ?

ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ‘ಇನ್ನಷ್ಟು ತಯಾರಿಸು’ ಎಂದು ಥೈರಾಯ್ಡ್‌ಗೆ ಅದು ಕಳಿಸುವ ಸೂಚನೆಯೇ ಟಿಎಸ್‌ಎಚ್. ಹಾಗಾಗಿ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಹಾರ್ಮೋನ್ ಸಾಲುತ್ತಿಲ್ಲ ಎಂದರ್ಥ. ರಿಪೋರ್ಟ್ ನೋಡಿ ‘ಥೈರಾಯ್ಡ್ ಜಾಸ್ತಿಯಾಗಿದೆ’ ಎನ್ನುವವರು ಅನೇಕರು. ಅದು ನಿಜಕ್ಕೆ ತಿರುವುಮುರುವು.

ವಯಸ್ಕರಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರೊಳಗೆ ಇದ್ದರೆ ನಾರ್ಮಲ್. ಆದರೆ ಈ ಮಿತಿ ಲ್ಯಾಬ್‌ನಿಂದ ಲ್ಯಾಬ್‌ಗೆ ತುಸು ಬದಲಾಗುತ್ತದೆ. ಗರ್ಭಿಣಿಯರಿಗೆ ಬೇರೆ ಮಿತಿಗಳಿವೆ. ವಯಸ್ಸಾದವರಲ್ಲಿ ಇದು ಸ್ವಲ್ಪ ಹೆಚ್ಚಿರುವುದು ಸಹಜ.

ನಾರ್ಮಲ್ ಇದ್ದೂ ಲಕ್ಷಣ ಉಳಿದರೆ?

1. ದೇಹಕ್ಕೆ ಇನ್ನೂ ಸಮಯ ಬೇಕಿರಬಹುದು. ಮಾತ್ರೆ ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಮೇಲೆ ಟಿಎಸ್‌ಎಚ್ ಒಂದು ಮಟ್ಟಕ್ಕೆ ಬಂದು ನಿಲ್ಲಲು 6ರಿಂದ 8 ವಾರ ಬೇಕು. ಎರಡೇ ವಾರಕ್ಕೆ ಮಾಡಿಸಿದ ಪರೀಕ್ಷೆ ಪೂರ್ತಿ ಚಿತ್ರ ಕೊಡುವುದಿಲ್ಲ. ರಿಪೋರ್ಟ್ ಸರಿಹೋದ ಮೇಲೂ ಲಕ್ಷಣಗಳು ನಿಧಾನವಾಗಿ ಕಡಿಮೆಯಾಗುವುದುಂಟು.

2. ಕೂದಲಿನ ಮಾತ್ರೆ ಅಡ್ಡ ಬಂದಿರಬಹುದು. ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆಗಳು ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಲ್ಯಾಬ್ ಪರೀಕ್ಷೆಗಳಲ್ಲಿ ಬಯೋಟಿನ್ ಉಂಟುಮಾಡುವ ಇಂಥ ಏರುಪೇರಿನ ಬಗ್ಗೆ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಇವನ್ನು ನಿಲ್ಲಿಸಬೇಕು.

3. ಟಿಎಸ್‌ಎಚ್ ಒಂದೇ ಸಾಲದಿರಬಹುದು. ಅಪರೂಪಕ್ಕೆ ತೊಂದರೆ ಪಿಟ್ಯುಟರಿಯಲ್ಲೇ ಇರುತ್ತದೆ. ಹೆರಿಗೆ ವೇಳೆ ವಿಪರೀತ ರಕ್ತಸ್ರಾವ ಆದವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಆಗ ಹಾರ್ಮೋನ್ ಕಡಿಮೆಯಿದ್ದರೂ ಟಿಎಸ್‌ಎಚ್ ನಾರ್ಮಲ್ ಕಾಣುತ್ತದೆ. ‘ಫ್ರೀ ಟಿ4’ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ.

4. ಕಾರಣ ಬೇರೆಯೇ ಇರಬಹುದು. ಸುಸ್ತು, ಕೂದಲು ಉದುರುವುದು, ತೂಕ ಏರುವುದು ಥೈರಾಯ್ಡ್‌ಗೆ ಮಾತ್ರ ಸೀಮಿತವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಬಿ12 ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ, ಖಿನ್ನತೆ, ಮುಟ್ಟು ನಿಲ್ಲುವ ಹಂತ ಇವೂ ಕಾರಣವಾಗಬಹುದು. ಅಂದರೆ ಸುಸ್ತು ನಿಜ, ಅದರ ಮೂಲ ಮಾತ್ರ ಬೇರೆ.

ರಿಪೋರ್ಟ್ ಪದೇ ಪದೇ ಏರುಪೇರಾಗುತ್ತಿದೆಯೇ?

ಮಾತ್ರೆ ನುಂಗುವ ಕ್ರಮ ಗಮನಿಸಿ. ಲೆವೊಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ನಾವೇ ಡೋಸ್ ಹೆಚ್ಚಿಸಿಕೊಂಡರೆ?

ಹಾರ್ಮೋನ್ ಅತಿಯಾದರೆ ಎದೆ ಡವಡವ, ಕೈನಡುಕ, ನಿದ್ದೆಗೇಡು ಶುರುವಾಗುತ್ತದೆ. ಹೀಗೇ ಮುಂದುವರಿದರೆ ಹೃದಯದ ಬಡಿತ ಲಯ ತಪ್ಪಬಹುದು, ಮೂಳೆ ಸವೆಯಬಹುದು. ವಯಸ್ಸಾದವರಿಗೂ ಮುಟ್ಟು ನಿಂತ ಮಹಿಳೆಯರಿಗೂ ಈ ಅಪಾಯ ಹೆಚ್ಚು.

ಏನು ಮಾಡಬೇಕು?

ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಳ್ಳಿ. ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ, ಬೆಳಗಿನ ಹೊತ್ತು, ಆ ದಿನದ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ಯಾವ ಲಕ್ಷಣ ಯಾವಾಗಿನಿಂದ ಇದೆ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ‘ಫ್ರೀ ಟಿ4, ಹಿಮೋಗ್ಲೋಬಿನ್, ಫೆರಿಟಿನ್, ಬಿ12 ನೋಡಬೇಕೇ?’ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಒಟ್ಟಿನಲ್ಲಿ: ನಾರ್ಮಲ್ ಟಿಎಸ್‌ಎಚ್ ಎಂದರೆ ನಿಮಗೆ ಏನೂ ಆಗಿಲ್ಲ ಎಂದಲ್ಲ, ಮಾತ್ರೆ ಸಾಲುತ್ತಿಲ್ಲ ಎಂದೂ ಅಲ್ಲ. ಕಾರಣ ಹುಡುಕುವ ಕೆಲಸ ಇನ್ನೂ ಬಾಕಿಯಿದೆ ಎಂದಷ್ಟೇ. ಡೋಸ್ ಬದಲಿಸುವ ಫಾರ್ವರ್ಡ್ ಬಂದರೆ ಅದನ್ನು ಮುಂದೆ ಕಳಿಸಬೇಡಿ.